ಲಾಟು ನಂಬರ್ ಏಳು

ಒಂಬತ್ತನೇ ತರಗತಿ, ಬಿ ಸೆಕ್ಷನ್, ಶಿಡ್ಲಘಟ್ಟ.
ಊಟದ ನಂತರದ ಪೀರಿಯಡ್ಡು, ನನ್ನ ಇಂಗ್ಲಿಷು.
ಬೇಯಿಸಿದ ಗೂಡಿನ ನಾತ ಕಿಟಕಿಯಿಂದ ಬಂದು
ಎಲ್ಲರಿಗಿಂತ ಮೊದಲು ಹಾಜರಿ ಹಾಕುತ್ತದೆ.
ಕೊನೇ ಬೆಂಚಿನಲ್ಲಿ ಮುದಸ್ಸಿರ್:
ಬೆಳಗಿನ ಜಾವವೇ ಅಪ್ಪನ ಜೊತೆ ಬಿಸಿನೀರಿಗೆ ಕೈಯಿಟ್ಟವನು,
ಈಗ ಡೆಸ್ಕಿಗೆ ತಲೆಯಿಟ್ಟು
ನನ್ನ ವರ್ತಮಾನಕಾಲವನ್ನೆಲ್ಲ
ನಿದ್ದೆಯಲ್ಲೇ ದಾಟಿದವನು.

ಜೂನ್‌ನಿಂದ ನಾನೂ ಮಾಡಿದ್ದೇ ಮಾಡಿದ್ದು.
ಚಾರ್ಟು ಅಂಟಿಸಿದೆ, ಬೈದೆ, ಹತ್ತು ಸಲ ಬರೆಸಿದೆ.
ಹತ್ತು ಸಲವೂ ಅದೇ ತಪ್ಪನ್ನು
ದುಂಡಗೆ ಬರೆದು ತಂದರು.

ಒಂದು ದಿನ ಬೇಸರಕ್ಕೆ, ಹೌದು, ಬರೀ ಬೇಸರಕ್ಕೇ,
ಹುಣಿಸೆಬೀಜದ ಡಬ್ಬಿ ತಂದು ಮೇಜಿನ ಮೇಲೆ ಸುರಿದೆ.
ತಲೆಗೆ ಇಪ್ಪತ್ತು ಬೀಜ. ಇದೇ ದುಡ್ಡು.
ಬೋರ್ಡಿನ ಮೇಲೆ ವಾಕ್ಯಗಳ ಹರಾಜು.
ಸರಿಯಿದ್ದದ್ದನ್ನು ಕೊಂಡವರಿಗೆ ಲಾಭ,
ತಪ್ಪನ್ನು ಕೊಂಡವರ ಗಂಟು ಗೋವಿಂದ.

‘ಷೀ ಸೆಲ್ ಫ್ಲವರ್ಸ್.’
ಗಂಗುಲಪ್ಪ ಐದಕ್ಕೆ ಕೂಗಿದ, ನಳಿನಾಕ್ಷಿ ಎಂಟಕ್ಕೆ,
ಹತ್ತು, ಹನ್ನೆರಡು...
ಗದ್ದಲಕ್ಕೆ ಪಕ್ಕದ ಗಣಿತದ ಮೇಷ್ಟ್ರು ಇಣುಕಿ
ಕನ್ನಡಕ ಏರಿಸಿಕೊಂಡು ಹೋದರು.
ಆಗ ಎದ್ದಿತು ಆ ತಲೆ,
ಕೆನ್ನೆಯ ಮೇಲೆ ನೋಟ್‌ಬುಕ್ಕಿನ ತಂತಿಯ ಗುರುತು.
ಮಾರ್ಕೆಟ್ಟಿನಲ್ಲಿ ಹಿಡಿ ಗೂಡನ್ನು
ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಾರಲ್ಲ,
ಹಾಗೆ ಖಾಲಿ ಮುಷ್ಟಿ ಅಲ್ಲಾಡಿಸಿ ಅಂದ:
‘ತಗೋಬ್ಯಾಡ್ರೋ. ಸದ್ದೇ ಇಲ್ಲ. ಒಳಗೆ ಹುಳ ಇಲ್ಲ.’

ಯಾವ ಹುಳವೋ?
‘ಗೊತ್ತಿಲ್ಲ ಮಿಸ್. ಏನೋ ಒಂದು ಕಮ್ಮಿ ಐತೆ.’

ಸೆಲ್‌ನ ಬಾಲಕ್ಕೆ ಎಸ್ ಬರೆದೆ.
ಹದಿನೈದು ವರ್ಷದಿಂದ ಬರೆಯುತ್ತಿದ್ದೇನೆ,
ಅದು ಬಳುಕಿ, ತಲೆಯೆತ್ತಿ
ಹಿಪ್ಪುನೇರಳೆ ಹುಡುಕುವುದನ್ನು
ಆವತ್ತೇ ನೋಡಿದ್ದು.

ಅರ್ಧವಾರ್ಷಿಕದಲ್ಲಿ ಅವನಿಗೆ ಹನ್ನೊಂದು ಅಂಕ.
ಹಿಂದಿನ ಕಿರುಪರೀಕ್ಷೆಯಲ್ಲಿ ನಾಲ್ಕಿತ್ತು. ಇದನ್ನು ಯಾರಿಗೆ ಹೇಳಲಿ?

ಆಮೇಲಿನ ಶುಕ್ರವಾರ ತಾನೇ ಮಾಲು ತಂದ,
ಲಾಟು ನಂಬರ್ ಏಳು, ಹರಿದ ಹಾಳೆಯ ಮೇಲೆ:
‘ಮೈ ಫಾದರ್ ಬಾಯ್ಲ್ ಕಕೂನ್ಸ್.’
‘ಫಸ್ಟ್ ಕ್ವಾಲಿಟಿ! ಬಿಳೀ ಗೂಡು! ಕಣ್ಣು ಮುಚ್ಚಿ ತಗೊಳ್ರಿ!’
ಅಪ್ಪನ ಮಾತೆಂದರೆ ಸುಳ್ಳಿರುತ್ತದೆಯೇ,
ಕೂಗು ಹದಿನೆಂಟಕ್ಕೇರಿತು, ಹತ್ತೊಂಬತ್ತಕ್ಕೆ.
ನನ್ನ ಕೈಯೂ ಅರ್ಧ ಎದ್ದಿತ್ತು, ನಿಜ.
ನಳಿನಾಕ್ಷಿ ಇಪ್ಪತ್ತೂ ಎಣಿಸಿಕೊಟ್ಟಳು.

ಜೇಬು ತುಂಬಿಸಿಕೊಂಡ ಮೇಲೆ
ನಿಧಾನಕ್ಕೆ ಅಂಗೈ ಬಿಚ್ಚಿದ.
ಬೆಂದು ಸುಕ್ಕಾದ ಬೆರಳುಗಳ ನಡುವೆ
ಬಾಲ್‌ಪೆನ್ನಿನ ನೀಲಿ ಎಸ್.
‘ಹುಳ ನನ್ ಹತ್ರ ಐತೆ ಮಿಸ್.’

ತಪ್ಪನ್ನು ಬೇಕೆಂದೇ ಮಾಡಲು
ಸರಿ ಎಷ್ಟು ಗೊತ್ತಿರಬೇಕು!
ಪ್ರಗತಿಪತ್ರದಲ್ಲಿ ಮೋಸಕ್ಕೆ ಕಾಲಮ್ಮಿಲ್ಲ.

ನಳಿನಾಕ್ಷಿ ಇನ್ನೂ ಬೀಜ ವಾಪಸ್ ಕೇಳುತ್ತಾಳೆ.
ಇಂಗ್ಲಿಷಿನಲ್ಲಿ ಕೇಳು, ನೋಡೋಣ,
ಅನ್ನುತ್ತಾನೆ ಅವನು.