ನಾನೂರು ಗ್ರಾಮು

ಮೊಂಟೆವಿಡಿಯೊದ ಕುದುರೆ ಮೈದಾನದ ಬೆನ್ನಿಗೆ
ಒಂದು ಓಣಿ, ಅದರಲ್ಲಿ ನನ್ನ ಬೇಕರಿ.
ನಾಲ್ಕಕ್ಕೆ ಒಲೆ ಹೊತ್ತಿಸುತ್ತೇನೆ,
ನಾಲ್ಕೂವರೆಗೆ ಎಬೆರ್ ಓಡಿ ಬರುತ್ತಾನೆ.

ಜೂನ್ ತಿಂಗಳು. ನಮ್ಮಲ್ಲಿ ಚಳಿಗಾಲ.
ನದಿ ಕಡೆಯ ಗಾಳಿಗೆ ನಾಯಿಗಳೂ
ಬಾಲದೊಳಗೆ ಮೂತಿ ಹುದುಗಿಸಿಕೊಂಡ ಹೊತ್ತು.
ಇವನು ಮೂರು ಅಂಗಿ ತೊಟ್ಟು, ಅದರ ಮೇಲೆ
ಕಸದ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತೂತು ಕೊರೆದು ತಲೆ ತೂರಿಸಿ
ಸರಸರ ಸದ್ದು ಮಾಡುತ್ತ ಬರುತ್ತಾನೆ.
ರಾತ್ರಿ ಉಂಡಿಲ್ಲ. ಬೆಳಿಗ್ಗೆಯೂ ಇಲ್ಲ.
ಸಕ್ಕರೆ ಹಾಕದ ಮಾಟೆ ಕಷಾಯ ನಾಲ್ಕು ಗುಟುಕು, ಅಷ್ಟೆ.

"ಬರಿಹೊಟ್ಟೆಯಲ್ಲಿ ಓಡಿದರೆ
ಮೈ ತನ್ನನ್ನೇ ತಾನು ತಿನ್ನುತ್ತದೆ, ನೇಲಿದಾ," ಅನ್ನುತ್ತಾನೆ
ಗುಟ್ಟೊಂದನ್ನು ಮಾರುವವನ ದನಿಯಲ್ಲಿ.
"ಯಾವ ತುದಿಯಿಂದ ಶುರು ಮಾಡುತ್ತದೆ?"
ಅವನಿಗೆ ಗೊತ್ತಿಲ್ಲ. ನಗುತ್ತಾನೆ.
ಕೆನ್ನೆಯಿಂದ, ಅಂತ ನನಗೆ ಕಾಣುತ್ತದೆ.
ವಯಸ್ಸು ಇಪ್ಪತ್ತಾರು. ಕತ್ತಿಗೆ ಐವತ್ತು.

ದಿನಾ ಒಂದು ಬನ್ನು ಕೊಳ್ಳುತ್ತಾನೆ. ತಿನ್ನುವುದಿಲ್ಲ.
ಎರಡೂ ಅಂಗೈಯಲ್ಲಿ ಗುಬ್ಬಿಮರಿ ಹಿಡಿದಂತೆ ಹಿಡಿದು
ಮೂಗಿನ ಹತ್ತಿರ ತಂದು
ಅದು ಆರುವ ತನಕ ನಿಲ್ಲುತ್ತಾನೆ.
ಆಮೇಲೆ ಕಿಸೆಗೆ. ತಾರ್ದೆಸಿತಾಗೆ.
ಅದು ಅವನ ಕುದುರೆ. ಅವನದಲ್ಲ, ಯಾರೋ ವಕೀಲರದು,
ಏರಿದಾಗ ಮಾತ್ರ ಅವನದು.
ಅದಕ್ಕೆ ಹೊತ್ತುಹೊತ್ತಿಗೆ ಕಾಕಂಬಿ ಕಲಸಿದ ಓಟ್ಸು,
ಕ್ಯಾರೆಟ್ಟು, ಒಣಹುಲ್ಲು.
ಕುದುರೆ ತಿನ್ನದಿದ್ದರೆ ಡಾಕ್ಟರು ಓಡಿ ಬರುತ್ತಾರೆ.
ಸವಾರ ತಿಂದರೆ ಓಡಿ ಬರುತ್ತಾರೆ.

ನನಗೂ ತಕ್ಕಡಿಯೇ ಕಸುಬು.
ಬನ್ನಿನ ಉಂಡೆ ಎಂಬತ್ತು ಗ್ರಾಮು:
ಹೆಚ್ಚಿದ್ದರೆ ಒಂದು ಚಿವುಟು ತೆಗೆ,
ಕಡಿಮೆಯಿದ್ದರೆ ಒಂದು ಚಿವುಟು ಹಚ್ಚು.
ಹಿಟ್ಟು ಎಂದೂ ನನ್ನನ್ನು ತಿರುಗಿ ನೋಡಿದ್ದಿಲ್ಲ.

ಗುರುವಾರ ಒಂದೂವರೆ ಕಿಲೋ ಹೆಚ್ಚಿತ್ತಂತೆ.
ಶುಕ್ರವಾರ ಎರಡು ಸಲ ಓಡಿದ.
ಶನಿವಾರ ನೀರನ್ನೂ ಬಿಟ್ಟ.
ನನ್ನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಉಗಿದು
ಉಗಿದದ್ದನ್ನೇ ನೋಡುತ್ತ ನಿಂತ,
ಕೈಜಾರಿದ ಕಾಸು ಚರಂಡಿಗೆ ಉರುಳುವುದನ್ನು ನೋಡುವ ಹಾಗೆ.
"ಕೂತುಕೋ" ಅಂದೆ.
"ಕೂತರೆ ಏಳಲಾರೆ" ಅಂದ.
ಬೈದೆ. ಅವನಮ್ಮ ಇದ್ದಿದ್ದರೆ ಎಷ್ಟು ಬೈಯುತ್ತಿದ್ದಳೋ
ಅದಕ್ಕಿಂತ ಒಂದು ಮಾತು ಹೆಚ್ಚೇ.

ಭಾನುವಾರ ಅಂಗಡಿ ಬೇಗ ಮುಚ್ಚಿ ಹೋದೆ.
ತೂಕದ ಕೋಣೆಯ ಕಿಟಕಿಗೆ ಹಣೆ ಒತ್ತಿ ನಿಂತೆ.
ತಕ್ಕಡಿಯ ಮೇಲೆ ಎಬೆರ್, ಜೀನನ್ನು ಎದೆಗವಚಿಕೊಂಡು;
ಹಳದಿ ರೇಷ್ಮೆ ಅಂಗಿ, ಗೂಟಕ್ಕೆ ನೇತುಹಾಕಿದಂತೆ.
ಗುಮಾಸ್ತ ಕನ್ನಡಕ ಏರಿಸಿ ಓದಿದ:
ನಾನೂರು ಗ್ರಾಮು ಕಡಿಮೆ.

ಕಡಿಮೆ!
ಯಾರೂ ಗಾಬರಿಯಾಗಲಿಲ್ಲ.
ಒಬ್ಬ ಹುಡುಗ ಪೆಟ್ಟಿಗೆ ತೆರೆದು
ಸೀಸದ ಎರಡು ಬಿಲ್ಲೆ ಆರಿಸಿದ,
ಜೀನಿನ ಕಿಸೆಗೆ ಜಾರಿಸಿದ.
ಸರಿಹೋಯಿತು. ಮುಂದಿನವರು ಬನ್ನಿ.

ನಾನೂರು ಗ್ರಾಮು.
ನನ್ನ ಲೆಕ್ಕದಲ್ಲಿ ಐದು ಬನ್ನು.
ಸೋಮವಾರದಿಂದ ಶುಕ್ರವಾರದ ತನಕ
ಅವನು ಮೂಸಿ, ಆರಿಸಿ, ಕಿಸೆಗಿಳಿಸಿದ ಐದು.

ನಾಲ್ಕನೆಯದಾಗಿ ಬಂದರು.
ಇಳಿಯುವಾಗ ಅವನ ಮೊಣಕಾಲು ಸಡಿಲಿತು,
ಕುದುರೆಯ ಕತ್ತು ಹಿಡಿದು ನಿಂತ.
ಅದು ಬಿಸಿಯುಸಿರು ಬಿಡುತ್ತ ತಿರುಗಿ
ಅವನ ಎದೆ, ಪಕ್ಕೆ, ಸೊಂಟ ಮೂಸಿತು,
ಮೂತಿಯಿಂದ ತಿವಿಯಿತು, ಮತ್ತೆ ಮೂಸಿತು.

ರೇಷ್ಮೆ ಅಂಗಿಗೆ ಕಿಸೆ ಇರಲಿಲ್ಲ.