ಒಂಬತ್ತು ಸಾವಿರದ ಆರುನೂರು ಚಿಲ್ಲರೆ

ಗುಜರಿ ಖಲಂದರ್ ಹೇಳಿದ್ದು ಇಷ್ಟೇ:
"ಮುಳ್ಳು ಓಡಿಸಬ್ಯಾಡ ಅಕ್ಕಾ,
ಇರುವೆ ನಡೆದಂಗೆ ನಡೆಸು."
ನೂರೆಂಬತ್ತು ಕೊಟ್ಟು ತಂದೆ.
ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು,
ಒಳಗೆ ಮೂರು ದಪ್ಪ ಸೆಲ್ಲು.

ಮೊದಲ ರಾತ್ರಿ ಬರೀ ಸರಸರ.
ಅದೇನು ನನಗೆ ಹೊಸದಲ್ಲ.
ಹದಿನಾಲ್ಕು ವರ್ಷ ಮಂಡಕ್ಕಿ ಭಟ್ಟಿಯಲ್ಲಿ
ಕಾದ ಉಸುಕಿಗೆ ಅಕ್ಕಿ ಸುರಿದವಳು.
ಉಸುಕು ಹಸಿಯಿದ್ದರೆ ಒಂದು ಸದ್ದು,
ಹದಕ್ಕೆ ಬಂದರೆ ಇನ್ನೊಂದು,
ಅರಳುವ ಮುಂಚೆ ಅಕ್ಕಿ
ಒಂದು ಚಣ ಸುಮ್ಮನಾಗುತ್ತದೆ.
ಅದನ್ನು ಕೇಳಿದ ಕಿವಿ
ಇದನ್ನೂ ಕೇಳೀತು ಅಂದುಕೊಂಡೆ.

ಸುಟ್ಟ ಮೋಟಾರಿನ ತಂತಿ ಬಿಚ್ಚಿ
ನೀರಿನ ಟ್ಯಾಂಕಿನಿಂದ ನುಗ್ಗೆಮರಕ್ಕೆ ಎಳೆದು ಕಟ್ಟಿದೆ.
"ಬಟ್ಟೆ ಒಣಗಾಕಾಕಾ?" ಅಂದಳು ಪಕ್ಕದ ಹಾಲಮ್ಮ.
"ಅಲ್ಲವ್ವಾ, ಹಾರಿಹೋಗೋ ಮಾತು ಸಿಕ್ಕಿಕೊಳ್ಳಲಿ ಅಂತ."
ಮರುದಿನ ಅದರ ಮೇಲೆ ಅವಳ ಲಂಗ.
ಆ ರಾತ್ರಿ ಚೀನಾದವರು
ಯಾಕೋ ಮೆತ್ತಗೆ ಮಾತಾಡಿದರು.

ಲೆಕ್ಕದ ಪುಸ್ತಕದಲ್ಲಿ ಮುಂದಿನಿಂದ ಚೀಲಗಳು,
ಹಿಂದಿನಿಂದ ಊರುಗಳು.
ನಮ್ಮ ಗಡಿಯಾರಕ್ಕೆ ಐದೂವರೆ ಕಳೆಯಬೇಕಂತೆ.
ಒಂಬತ್ತೂವರೆಗೆ ಹಾಲಮ್ಮನ ಕುಕ್ಕರ್ ಕೂಗಿದರೆ
ಪುಸ್ತಕದಲ್ಲಿ ನಾಲ್ಕು ಗಂಟೆ, ಇನ್ನೂ ಇಳಿಬಿಸಿಲು.
ಏಳು ಸಾವಿರ ದಾಟಿದ ಮೇಲೆ ಯಾರದೋ ಪ್ರಾರ್ಥನೆ,
ಅದರಾಚೆ ಇಬ್ಬರು, ಒಬ್ಬರ ಮೇಲೊಬ್ಬರು.
ಜಗಳವಲ್ಲ,
ಒಂದೇ ಕೋಣೆಗೆ ಮುಂಗಡ ಕೊಟ್ಟ ಬಾಡಿಗೆಯವರು.
ಮಿಕ್ಕಿದ್ದೆಲ್ಲ ಓಣಿಯ ಚಾರ್ಜರುಗಳ ಗುಂಯ್ ಗುಂಯ್.

ನಿನ್ನೆ ಕರೆಂಟ್ ಹೋಯಿತು.
ಓಣಿ ಬೈಯುತ್ತ ಹೊರಗೆ ಬಂತು,
ನಾನು ಮೆಟ್ಟಿಲು ಹತ್ತಿದೆ.
ಗುಂಯ್ ಸತ್ತಿತ್ತು. ಯಾರೋ ಜರಡಿ ಹಿಡಿದು
ದಾವಣಗೆರೆಯನ್ನು ಕೆಳಗೆ ಉದುರಿಸಿದಂತೆ
ಮೇಲೆ ಉಳಿದಳು ಒಬ್ಬ ಹೆಂಗಸು,
ಒಂಬತ್ತು ಸಾವಿರದ ಆರುನೂರು ಚಿಲ್ಲರೆಯಲ್ಲಿ,
ಕಟ್ಟೆಯ ಮೇಲೆ ಪಕ್ಕದಲ್ಲೇ ಕೂತಷ್ಟು ಹತ್ತಿರ.
ಭಾಷೆ ಯಾವುದೋ.
ನಡುವೆ ಕೆಮ್ಮಿದಳು, ನೀರು ಕುಡಿದಳು.
ಅದು ತಿಳಿಯಿತು.

ಗಂಟೆ ತುಂಬಿದಾಗ ಹೆಸರು ಹೇಳುತ್ತಾರಂತೆ.
ಎರಡು ನಿಮಿಷ ಬಾಕಿ.
ಪೆನ್ನಿನ ಟೋಪಿ ಹಲ್ಲಲ್ಲಿ ಕಚ್ಚಿ ಕಾದೆ.
ಟಿಕ್, ಟಿಕ್, ಐದನೆಯ ಟಿಕ್,
"ಕರೆಂಟ್ ಬಂತೂ!"
ಓಣಿಯ ಮಕ್ಕಳೆಲ್ಲ ಕುಣಿದರು.
ಮನೆಮನೆಗೂ ಬೆಳಕು.
ನನಗೆ ಮತ್ತೆ ಉಸುಕು.

ತಾರೀಖು ಬರೆದಿದೆ, ಹೊತ್ತು ಬರೆದಿದೆ,
ಹೆಸರಿನ ಜಾಗದಲ್ಲಿ:
ಕೆಮ್ಮಿದಳು. ನೀರು ಕುಡಿದಳು.
ಇವತ್ತೂ ಅದೇ ಹೊತ್ತಿಗೆ ಮೇಲೆ ಬಂದು ಕೂತಿದ್ದೇನೆ,
ಇವತ್ತೂ ಹೋಗಲಪ್ಪಾ ಕರೆಂಟು ಅಂತ.
ಹಾಲಮ್ಮನಿಗೆ ಹೇಳಬೇಡಿ.