ಹೆಬ್ಬೆರಳು

ಗುಜರಿ ದಾದಾಪೀರ್ ಅದನ್ನು ಕಿಲೋ ಲೆಕ್ಕದಲ್ಲಿ ತಂದ.
ಕಡೂರು ರಸ್ತೆಯ ಶೆಡ್ಡಿನ ಹಿಂದೆ
ಬಸ್ಸಿನ ಪಟ್ಟಾ, ಬೋರ್‌ವೆಲ್ ಪೈಪುಗಳ ನಡುವೆ
ಕವುಚಿ ಬಿದ್ದಿತ್ತು. ನೀಲಿ ಬಣ್ಣ ಇನ್ನೂ ಹೋಗಿರಲಿಲ್ಲ.
ನೋಡಿದ ಕೂಡಲೇ ಗೊತ್ತಾಯಿತು:
ಇದೇ.
ನಮ್ಮ ಮೇಜು ಖಾಲಿ ಮಾಡಿಸಿದ್ದು.

ಕ್ಯೂರಿಂಗ್ ವರ್ಕ್ಸಿಗೆ ಅದು ಬಂದ ದಿನ ಕುಂಕುಮ ಹಚ್ಚಿ,
ಗಾಲಿಯೇ ಇಲ್ಲದ ಅದಕ್ಕೂ ನಿಂಬೆಹಣ್ಣು ಇಟ್ಟಿದ್ದರು.
ಪೂಜೆಯ ಮಂಡಕ್ಕಿ ನಮಗೂ ಕೊಟ್ಟರು.
ಮೇಲಿಂದ ಬೀಜ ಸುರಿದರೆ ಒಳಗಿನ ಗಾಜುಗಣ್ಣು ನೋಡಿ
ಕರಿದನ್ನು ಫುಸ್ಸೆಂದು ಗಾಳಿಯಲ್ಲಿ ಊದಿಬಿಡುತ್ತಿತ್ತು,
ಮಗುವಿನ ಬಿಸಿ ತುತ್ತಿಗೆ ಊದಿದ ಹಾಗೆ.
ನೂರಾ ಹತ್ತು ಹೆಂಗಸರು ಗೋಡೆಗೊರಗಿ ನೋಡಿದೆವು.
ಜೈತುನ್‌ಬಿ ಅಂದಳು: ಇದನ್ನ ಉಚ್ಚೆಗೂ ಬಿಡಬೇಕಾಗಿಲ್ಲ ನೋಡ್ರೇ.
ನಕ್ಕೆವು.
ಯುಗಾದಿಗೆ ಹನ್ನೆರಡು ಜನ ಉಳಿದೆವು.
ದೀಪಾವಳಿಗೆ ಯಾರೂ ಇಲ್ಲ.

ಆಮೇಲೆ ಅದಕ್ಕೂ ವಯಸ್ಸಾಯಿತಂತೆ.
ಬಿಡಿಭಾಗ ಸಿಗದಂತಾಯಿತಂತೆ.
ಕಂಪನಿ ಬಾಗಿಲು ಹಾಕಿದಾಗ
ಎಂಟುನೂರ ನಲವತ್ತು ಕಿಲೋ ತೂಗಿತು,
ಜರಡಿ, ಪುಲ್ಲಿ, ಬೆಲ್ಟು ಬೇರೆ.

ಕೊಂಡವನು ಇನ್ನಾಸಪ್ಪ, ಹಲ್ಲರಿನ ಫಿಟ್ಟರ್ ಆಗಿದ್ದವನು.
ಈಗ ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಾನೆ;
ಭಾನುವಾರ ಚರ್ಚಿನಿಂದ ಬಂದ ಮೇಲೆ ಮಾತ್ರ ಬೊಂಬೆ.
ಪುಟ್ಲಿಂಗಿ, ಬಾ, ಕೈ ಕೊಡು ಐದು ನಿಮಿಷ, ಅಂದ.
ಯಾಕೋ, ಮದುವೆ ಆಗ್ತೀಯಾ ಅಂದೆ.
ಅಳತೆಗೆ, ಅಂದ.

ಚೈನು ಬಿಚ್ಚಿ ಬೆನ್ನುಮೂಳೆ.
ಎ ಗ್ರೇಡಿನ ಜರಡಿ ಬಗ್ಗಿಸಿ ಸೆರಗು.
ನೀಲಿ ತಗಡು ತುಂಡರಿಸಿ ಮಡಿಲು.
ಬಿಸಿ ಕಬ್ಬಿಣದ ವಾಸನೆಯಲ್ಲಿ
ಹಳೇ ಕಾಫಿ ಹೊಟ್ಟಿನ ಘಾಟು ಎಲ್ಲಿಂದಲೋ ಎದ್ದು ಬಂತು,
ನಾನು ಸೀನಿದೆ,
ಮಾಸ್ಕಿನೊಳಗೆ ಅವನೂ.

ನಾಲ್ಕನೇ ಭಾನುವಾರ ಹೋದರೆ ಕೂತಿದ್ದಳು.
ತಲೆ ಬಗ್ಗಿಸಿ, ಒಂದು ಕಾಲು ಮಡಚಿ.
ಮುಖದಲ್ಲಿ ಆ ಮಿಷನ್ನಿನವೇ ಎರಡು ಗಾಜು.
ಹೇಗಿದೆ ಅಂದ.
ಕೈ ಸರಿಯಿಲ್ಲ ಅಂದೆ. ಬೆರಳು ಎತ್ತಬಾರದು,
ಎತ್ತಿದರೆ ದಿನಕ್ಕೆ ಅರ್ಧ ಮೂಟೆಯೂ ಆಗುವುದಿಲ್ಲ.
ಹೆಬ್ಬೆರಳು ತಳ್ಳಬೇಕು, ಅಷ್ಟೆ,
ಉಳಿದವು ಸುಮ್ಮನೆ ಜೊತೆಗೆ ಹೋಗುತ್ತವೆ.
ಉಗುರು ಒಂದು ಕಡೆ ಸವೆದಿರಬೇಕು. ನೋಡು.
ನೋಡಿದ. ಗ್ರೈಂಡರ್ ಹಚ್ಚಿದ. ಕಿಡಿ ಹಾರಿತು.

ಮತ್ತೆ ಆ ಕಣ್ಣು ತೆಗಿ.
ಕಣ್ಣಿಲ್ಲದೆ ಹೇಗೆ ಆರಿಸ್ತಾಳೆ ಅಂದ.
ಜೈತುನ್‌ಬಿಗೆ ಪೊರೆ ಬಂದಿತ್ತು, ಕೊನೆಯ ಮೂರು ವರ್ಷ.
ಯಾರಿಗೂ ಹೇಳಿರಲಿಲ್ಲ, ನಾನು ಪಕ್ಕದಲ್ಲಿದ್ದೆ.
ಕರಿಬೀಜ ಹಗುರ ಇರುತ್ತದೆ ಇನ್ನಾಸಪ್ಪ,
ಒಡಕಿಗೆ ಅಂಚು ಇರುತ್ತದೆ,
ಕಣ್ಣು ಬರುವಷ್ಟರಲ್ಲಿ ಬೆರಳು ಹೋಗಿ ಬಂದಿರುತ್ತದೆ.
ಅವನು ಮಾತಾಡಲಿಲ್ಲ.
ಗಾಜು ಎರಡನ್ನೂ ಕಿತ್ತು
ಅಂಗಿಯ ಜೇಬಿಗೆ ಹಾಕಿಕೊಂಡ, ಟಕ್ಕೆಂದವು.

ಗಿರಿಗೆ ಹೋಗುವ ರಸ್ತೆಯ ಕೆಫೆಯವರು ಕೊಂಡರು.
ಎಷ್ಟಕ್ಕೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ;
ಒಂದು ಸೀರೆ ಕೊಟ್ಟು ಹೋದ, ಬಣ್ಣ ನೀಲಿಯೇ.
ಒಮ್ಮೆ ನೋಡಲು ಹೋಗಿದ್ದೆ.
ಹುಡುಗರು ಅವಳ ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸುತ್ತಿದ್ದರು.
ತುಕ್ಕು ಹೆಬ್ಬೆರಳಿನಿಂದಲೇ ಶುರುವಾಗಿದೆ,
ಎಲ್ಲರೂ ಅಲ್ಲೇ ಮುಟ್ಟುತ್ತಾರಂತೆ.
ಕಾಫಿ ತಗೋತೀರಾ ಅಮ್ಮ ಅಂದ ಹುಡುಗ.
ಇಪ್ಪತ್ತೆರಡು ವರ್ಷ ಆ ಹಾಲಿನಲ್ಲಿ ನಾವು ಕುಡಿದದ್ದು ಟೀ.
ಬೇಡಪ್ಪ ಅಂದೆ.

ಮನೆಗೆ ಬಂದು ರಾತ್ರಿಯ ಅಕ್ಕಿ ಮೊರಕ್ಕೆ ಹಾಕಿದೆ.
ಹೆಬ್ಬೆರಳು ತನ್ನಷ್ಟಕ್ಕೆ ಹೊರಟಿತು,
ಈ ತುದಿಯಿಂದ ಆ ತುದಿ,
ಮತ್ತೆ ಈ ತುದಿ.
ಒಂದು ಕಲ್ಲಿಲ್ಲ, ಒಂದು ನೆಲ್ಲಿಲ್ಲ.
ಚೀಲದ ಮೇಲೆ ಕೆಂಪಕ್ಷರದಲ್ಲಿ ಬರೆದಿದೆಯಲ್ಲ,
ಮೊಮ್ಮಗಳು ಓದಿ ಹೇಳಿದಳು:
ಮಿಷನ್ನಲ್ಲಿ ಆರಿಸಿದ್ದು ಅಜ್ಜಿ, ಬಿಡು.